ಸೋಮವಾರ ಓಡದ ಜೀಪು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಶಾಖಯಂತ್ರಗಳ ಪತ್ರಿಕೆಯಲ್ಲಿ ನನಗೆ ನೂರಕ್ಕೆ ಎಪ್ಪತ್ತೆರಡು ಅಂಕ ಬಂದಿದ್ದವು. ಪೆಟ್ರೋಲ್ ಎಂಜಿನ್ನಿನ ಹೊಟ್ಟೆಯಲ್ಲಿ ಏನೇನು ನಡೆಯುತ್ತದೆಂಬುದನ್ನು ನಾಲ್ಕು ಚಿತ್ರಗಳಲ್ಲಿ, ಬಾಣದ ಗುರುತು ಸಮೇತ ಬಿಡಿಸಬಲ್ಲವನಾಗಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ ಜೀಪು ಕೆಟ್ಟು ನಿಂತಾಗ ಅದರ ಬಾನೆಟ್ ತೆರೆಯುವುದು ಹೇಗೆಂದು ತಿಳಿಯದೆ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆ. ಕೊಕ್ಕೆಗಳು ಎರಡೂ ಪಕ್ಕದಲ್ಲಿ, ಹೊರಗಡೆಯೇ, ಕಣ್ಣಿಲ್ಲದವನ ಕೈಗೂ ಸಿಗುವಂತಿದ್ದವು. ನಾನು ಒಳಗೆಲ್ಲೋ ಗುಂಡಿ ಹುಡುಕುತ್ತಿದ್ದೆ.

ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ತರುಣರು ಮೊನ್ನೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದು, ನಿಮ್ಮ ಕಾಲದ ಅನುಭವ ಬರೆದುಕೊಡಿ, ನಮಗೆ ಮಾರ್ಗದರ್ಶನವಾಗುತ್ತದೆ ಎಂದರು. ಮಾರ್ಗದರ್ಶನ ಎಂಬ ಮಾತು ಕೇಳಿದರೆ ನನಗೆ ಈಗಲೂ ಬಾನೆಟ್ಟಿನ ಕೊಕ್ಕೆ ನೆನಪಾಗುತ್ತದೆ. ಬಡ್ತಿ ಯಾವಾಗ ಬಂತು, ಯಾವ ತೂಬು ಕಟ್ಟಿಸಿದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದುವ ಕರ್ಮ ಗುಮಾಸ್ತರಿಗಿರಲಿ. ನಾನು ಬರೆಯುವುದು ಒಂದು ಜೀಪಿನ ವಿಷಯ, ಮತ್ತು ನಾನು ಬರೆದ ಅರ್ಧ ಪುಟದ ವರದಿಯಿಂದ ಕೆಲಸ ಕಳೆದುಕೊಂಡ ಅದರ ಚಾಲಕ ರುದ್ರಪ್ಪನವರ ವಿಷಯ.

ಈ ಕಥೆಯನ್ನು ನಲವತ್ತು ವರ್ಷ ಬಾಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಹೇಳಿದಷ್ಟೂ ಅದರಲ್ಲಿ ನಾನು ಒಳ್ಳೆಯವನಾಗುತ್ತಾ ಬಂದೆ. ಅದಕ್ಕೇ ಈ ಸಲ ಹಳೆಯ ಡೈರಿಗಳನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ, ಬರೆದವನು ಅದೇ ಆಸಾಮಿಯೇ. ಆದರೂ ಅದು ಬರೆದ ದಿನವೇ ಸುಳ್ಳು ಹೇಳಿರುತ್ತದೆ, ನಲವತ್ತು ವರ್ಷ ಕೂತು ಹೊಳಪು ಕೊಟ್ಟಿರುವುದಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯಿಂದ ಹರಿಹರದ ಕಡೆಗೆ ನಾಲೆ ಅಗೆಯುವ ಕೆಲಸ ನಡೆಯುತ್ತಿತ್ತು. ನಾನು ಇಪ್ಪತ್ನಾಲ್ಕು ವರ್ಷದ ಸಹಾಯಕ ಇಂಜಿನಿಯರ್. ಊರು ದಾವಣಗೆರೆಯೇ ಆದರೂ ಬೆಂಗಳೂರಿನಲ್ಲಿ ಓದಿ ಬಂದವನೆಂಬ ಬಿಗುಮಾನ ಇತ್ತು. ಎರೆ ಭೂಮಿಯಲ್ಲಿ ನಾಲೆಯ ಏರಿ ಎಂದರೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಂಥ ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಅಂಟು. ಅಲ್ಲಿ ಹೋಗುತ್ತಿದ್ದುದು ಎರಡೇ: ಎತ್ತಿನ ಗಾಡಿ ಮತ್ತು ನಮ್ಮ ಜೀಪು. ಎತ್ತಿನ ಗಾಡಿ ಕಾರಣವಿಲ್ಲದೆ ನಿಲ್ಲುತ್ತಿರಲಿಲ್ಲ.

ರುದ್ರಪ್ಪನವರಿಗೆ ನಲವತ್ತು ದಾಟಿತ್ತು. ಹರಿಹರದವರು. ಮೊದಲು ಹತ್ತಿ ಲಾರಿ ಓಡಿಸಿಕೊಂಡಿದ್ದು ಆಮೇಲೆ ಇಲಾಖೆಗೆ ಸೇರಿದ್ದರು. ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದು, ಜೀಪನ್ನು ಒರೆಸಿ ನಿಲ್ಲಿಸುತ್ತಿದ್ದರು. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತದೆ. ಆಗ ಬಾಯಲ್ಲಿ ಬರುತ್ತಿರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು, ನಾನೂ ಕರೆದೆ.

ಆ ವರ್ಷ ಮಳೆ ಹಿಡಿದ ಮೇಲೆ ಜೀಪು ಕೈಕೊಡಲು ಶುರುಮಾಡಿತು. ದಿನಾ ಅಲ್ಲ. ವಾರವೆಲ್ಲ ಗಾಳಿಯಂತೆ ಓಡಿ, ಒಂದು ಬೆಳಿಗ್ಗೆ ಎಷ್ಟು ತಿರುಗಿಸಿದರೂ ಕೆಮ್ಮುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಬಿಸಿಲೇರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ, ಏನೂ ಆಗಿಲ್ಲವೆಂಬಂತೆ ಹೊತ್ತಿಕೊಳ್ಳುತ್ತಿತ್ತು. ನಾನು ಪುಸ್ತಕ ನೋಡಿ ಪೆಟ್ರೋಲ್ ಪಂಪ್ ಬದಲಾಯಿಸಬೇಕೆಂದು ಬರೆದೆ. ಹೊಸ ಪಂಪ್ ಬಂತು. ಜೀಪು ಮತ್ತೆ ಕೆಮ್ಮಿತು. ಕಿಡಿ ಹುಟ್ಟಿಸುವ ಕಾಯಿಲ್ ಬದಲಾಯಿಸಬೇಕೆಂದು ಬರೆದೆ. ಅದೂ ಬಂತು. ಯಾವುದು ಕೆಟ್ಟಿದೆ ಎಂದು ತಿಳಿಯದವನು ಒಂದೊಂದಾಗಿ ಎಲ್ಲವನ್ನೂ ಬದಲಾಯಿಸುತ್ತಾನೆ, ಕೊನೆಗೆ ಉಳಿಯುವುದು ಮನುಷ್ಯ. ಅವನನ್ನೂ ಬದಲಾಯಿಸುತ್ತಾನೆ.

ಏರಿಯ ಮೇಲೆ ಮಣ್ಣು ಹೊರುವ ಗಾಡಿಯ ರೈತನೊಬ್ಬ ಒಂದು ದಿನ ನಮ್ಮ ಅವಸ್ಥೆ ನೋಡುತ್ತಾ ಬೀಡಿ ಸೇದುತ್ತಾ ಕೂತಿದ್ದ. ಎತ್ತುಗಳು ಬೇಲಿಯ ನೆರಳಲ್ಲಿ ಮಲಗಿದ್ದವು.

"ಯಾಕ ಗಾಡಿ ಹೂಡಿಲ್ಲ?" ಎಂದು ಗದರಿದೆ. ಜೀಪಿನ ಸಿಟ್ಟು ಅವನ ಮೇಲೆ.

"ಇವತ್ತು ಸೋಮವಾರ ಅಲ್ಲೇನ್ರಿ ಸಾಹೇಬ್ರೆ. ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ."

"ಎತ್ತಿಗೆ ಸರಿ."

"ನಿಮ್ಮ ಜೀಪಿಗೂ ಗೊತ್ತಾಗೈತೆ ಬಿಡ್ರಿ. ಹೋದ ಸೋಮವಾರನೂ ಹಿಂಗೇ ನಿಂತಿತ್ತು. ನಾಕು ಕಾಲು ಇದ್ದಿದ್ದಕ್ಕೆಲ್ಲ ಒಂದೇ ಬುದ್ಧಿ."

ರುದ್ರಪ್ಪನವರು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ನಕ್ಕರು. "ಅದೂ ದುಡಿಯೋ ಜೀವಾನೇ ಅಲ್ರಿ ಸಾಹೇಬ್ರೆ. ವಾರಕ್ಕೊಂದಿನ ಕೂಡ್ಲಿ" ಎಂದರು.

ನಮ್ಮ ತಾತನ ಮನೆಯಲ್ಲೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಬಂತು. ಆ ದಿನದ ಡೈರಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿದೆ. ಜನರ ಮೌಢ್ಯಕ್ಕೆ ಮಿತಿಯಿಲ್ಲ, ಯಂತ್ರಕ್ಕೂ ವಾರ ತಿಥಿ ಕಟ್ಟುತ್ತಾರೆ ಎಂದು ಅದರ ಅರ್ಥ. ಚೆಂದದ ಕೈಬರಹ.

ಆ ರೈತ ನನಗೆ ಹೇಳಿದ್ದು ಮೌಢ್ಯವಲ್ಲ, ಲೆಕ್ಕಾಚಾರಕ್ಕೆ ಬೇಕಾದ ಅಂಶ. ಕೆಡುವುದು ಯಾವಾಗ ಎಂಬುದನ್ನು ಎರಡು ಸಲ ನೋಡಿ ಹೇಳಿದ್ದ. ಕಾರಣ ತಪ್ಪು ಹೇಳಿದ, ದಿನ ಸರಿಯಾಗಿ ಹೇಳಿದ. ನಾನು ಕಾರಣಕ್ಕೆ ನಕ್ಕು ದಿನವನ್ನೂ ಎಸೆದೆ.

ದೊಡ್ಡ ಸಾಹೇಬರು ಎಂದು ನಾವು ಕರೆಯುತ್ತಿದ್ದ ಮೇಲಧಿಕಾರಿ ತಪಾಸಣೆಗೆ ಬರುತ್ತಿದ್ದುದು ಸೋಮವಾರವೇ. ಆಷಾಢದ ಒಂದು ಸೋಮವಾರ ಜಿಟಿಜಿಟಿ ಮಳೆಯಲ್ಲಿ ಅವರನ್ನು ಕೂರಿಸಿಕೊಂಡು ಏರಿಯ ಮೇಲೆ ಎರಡು ಮೈಲಿ ಹೋಗಿರಬೇಕು, ಜೀಪು ಮುಗ್ಗರಿಸಿ ನಿಂತಿತು. ಸಾಹೇಬರು ಬಿಳಿ ಪ್ಯಾಂಟು ಮಡಿಚಿಕೊಂಡು ಎರೆ ಕೆಸರಿನಲ್ಲಿ ನಡೆದು ಕ್ಯಾಂಪಿಗೆ ಬಂದರು. ಒಂದು ಬೂಟು ಅಲ್ಲೇ ಉಳಿಯಿತು.

"ಇದು ಪೆಟ್ರೋಲಲ್ಲ ಕಣ್ರೀ, ಸೀಮೆಎಣ್ಣೆ" ಎಂದರು. "ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣೆ ಬೆರೆಸ್ತಾರೆ. ಈ ಡ್ರೈವರುಗಳ ಜಾತಕ ನಂಗೊತ್ತು. ವಿಚಾರಿಸಿ ಸಂಜೆಯೊಳಗೆ ವರದಿ ಕೊಡಿ."

ವಿಚಾರಿಸಿ ಎಂದರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಜೀಪಿನ ಬಳಿ ಹೋಗಿ ಸೀಟಿನ ಕೆಳಗಿದ್ದ ಒರೆಸುವ ಬಟ್ಟೆಯನ್ನು ಮೂಸಿದೆ. ಸೀಮೆಎಣ್ಣೆಯ ವಾಸನೆ ಬಂತು. ದಾವಣಗೆರೆಯಲ್ಲಿ ಅಂದು ಎಣ್ಣೆಜಿಡ್ಡಿನ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯದ ಚಾಲಕ ಒಬ್ಬನೂ ಇರಲಿಲ್ಲ. ನಾನು ವರದಿ ಬರೆದೆ. ಪರಿಶೀಲನೆಯಲ್ಲಿ ಸೀಮೆಎಣ್ಣೆ ಬೆರೆಸಿರುವುದು ಕಂಡುಬಂದಿರುತ್ತದೆ. ಅರ್ಧ ಪುಟ. ಕಂಡುಬಂದಿರುತ್ತದೆ ಎಂಬ ಕ್ರಿಯಾಪದಕ್ಕೆ ಕರ್ತೃ ಬೇಕಿಲ್ಲ, ಸರ್ಕಾರಿ ಕನ್ನಡದ ಸೌಕರ್ಯ ಅದು.

ರುದ್ರಪ್ಪನವರನ್ನು ಅಮಾನತು ಮಾಡಿದ ಕಾಗದ ನಾನೇ ಕೊಟ್ಟೆ. ಅವರು ಓದಿಸಿಕೊಂಡರು.

"ಸೀಮೆಎಣ್ಣೆನಾ?" ಎಂದರು. "ನೀವು ನೋಡಿದ್ರೇನ್ರಿ?"

"ವಾಸನೆ ಬಂತು."

"ವಾಸನೆ ಬಂದಿದ್ದಕ್ಕೆಲ್ಲ ಬೆಂಕಿ ಹಚ್ಚೋದಾದ್ರೆ ಮನಿಗೆ ಮನೀನೇ ಹಚ್ಬೇಕಾಗ್ತದ್ರಿ" ಎಂದು ಕೀಲಿಕೈ ಮೇಜಿನ ಮೇಲಿಟ್ಟು ಹೋದರು.

ಇಲ್ಲಿಂದ ಮುಂದಿನದನ್ನು ತರುಣರು ಗಮನವಿಟ್ಟು ಓದಬೇಕು. ರುದ್ರಪ್ಪನವರು ಹೋದ ಮೇಲೆ ಜೀಪು ಹಾಗೆ ಕೆಮ್ಮಿ ನಿಲ್ಲಲಿಲ್ಲ. ಅದೇ ಮಳೆ, ಅದೇ ಏರಿ. ಸೋಮವಾರ ಬಂತು, ಹೋಯಿತು, ಮೊದಲ ತುಳಿತಕ್ಕೇ ಹೊತ್ತಿಕೊಂಡಿತು. ಕಚೇರಿಯಲ್ಲಿ ಎಲ್ಲರೂ, ನೋಡಿದ್ರಾ, ಕಳ್ಳ ಹೋದ, ರೋಗ ಹೋಯ್ತು ಎಂದರು. ನಾನೂ ಅಂದೆ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಮನುಷ್ಯನನ್ನು ತೆಗೆದ ಮೇಲೆ ದೋಷ ಹೋದರೆ ದೋಷ ಮನುಷ್ಯನದೇ. ಕಾಲೇಜಿನ ತರ್ಕಶಾಸ್ತ್ರಕ್ಕೆ ಇದು ಸರಿಯಾಗಿ ಕೂರುತ್ತಿತ್ತು. ಅಷ್ಟು ಹೊತ್ತಿಗೆ ರುದ್ರಪ್ಪನವರು ದಾವಣಗೆರೆಯ ಲಾರಿ ಮಾಲೀಕರ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದರು. ಸುದ್ದಿ ಅವರಿಗಿಂತ ಮುಂಚೆ ತಲುಪಿತ್ತು. ಸೀಮೆಎಣ್ಣೆ ರುದ್ರಪ್ಪ ಎಂದು ಹೆಸರೂ ಬಿದ್ದಿತ್ತು. ಯಾರೂ ಸ್ಟಿಯರಿಂಗ್ ಕೊಡಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರಲು ಸೇರಿಕೊಂಡರು.

ಬೇರೆ ಚಾಲಕನನ್ನು ಕಳಿಸಲಿಲ್ಲ. ತನಿಖೆ ಮುಗಿಯುವವರೆಗೆ ಆ ಜಾಗ ಖಾಲಿಯೂ ಅಲ್ಲ, ಭರ್ತಿಯೂ ಅಲ್ಲ ಎಂದು ನಿಯಮ. ಹಾಗಾಗಿ ಜೀಪು ಓಡಿಸುವುದು, ಕೆಟ್ಟರೆ ರಿಪೇರಿ ಮಾಡಿಕೊಳ್ಳುವುದು ಎರಡೂ ನನ್ನ ತಲೆಗೇ ಬಂತು. ಹರಿಹರದಲ್ಲಿ ಹೊಳೆಯ ಕಡೆ ಹೋಗುವ ದಾರಿಯಲ್ಲಿ ಖಾದರ್ ಸಾಬರ ತಗಡಿನ ಶೆಡ್ ಇತ್ತು. ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ, ಬರ್ಮಾ ಗಡಿಯಲ್ಲಿ, ಜೀಪುಗಳನ್ನು ಬಿಚ್ಚಿ ಜೋಡಿಸಿದ್ದೆನೆಂದು ಹೇಳುತ್ತಿದ್ದರು. ಬರ್ಮಾ ನಿಜವೋ ಅಲ್ಲವೋ, ಬಿಚ್ಚಿದ್ದು ನಿಜ.

ಹೊತ್ತಿಕೊಳ್ಳುವುದು ಸರಿಯಿದ್ದರೂ ದಾರಿಯಲ್ಲಿ ಜೀಪು ಸರಿಯಾಗಿ ಎಳೆಯುತ್ತಿಲ್ಲವೆಂದು ಮೊದಲ ಸಲ ಹೋದಾಗ, ನನ್ನನ್ನು ಕಂಡೊಡನೆ ಕೇಳಿದರು: "ಏನು ಕೆಟ್ಟೈತೆ ಇಂಜಿನಿಯರ್ ಸಾಬ್?"

"ಬಹುಶಃ ಕಾರ್ಬ್ಯುರೇಟರ್."

"ಬಹುಶಃ ಅನ್ನೋ ಪಾರ್ಟು ನನ್ನ ಹತ್ರ ಇಲ್ಲ. ಏನು ನೋಡಿದ್ರಿ ಅದನ್ನ ಹೇಳ್ರಿ. ಏನು ಅನ್ಕೊಂಡ್ರಿ ಅದು ಬ್ಯಾಡ."

ಇಷ್ಟೇ ಅವರ ವಿದ್ಯೆ. ಮೊದಲು ಬೆಂಕಿ, ಆಮೇಲೆ ಎಣ್ಣೆ, ಆಮೇಲೆ ಗಾಳಿ. ಈ ಕ್ರಮ ತಪ್ಪಿಸುವಂತಿರಲಿಲ್ಲ. ಪ್ಲಗ್ಗಿನ ತಂತಿ ಕಿತ್ತು ಕಬ್ಬಿಣಕ್ಕೆ ಹತ್ತಿರ ಹಿಡಿದು ಕಿಡಿ ಹಾರುತ್ತದೆಯೇ ನೋಡು. ಹಾರಿದರೆ ಬೆಂಕಿಯ ಮಾತು ಮುಗಿಯಿತು, ಮತ್ತೆ ಅತ್ತ ತಿರುಗಬೇಡ. ಹಾರದಿದ್ದರೆ ಒಂದು ಹೆಜ್ಜೆ ಹಿಂದೆ ಹೋಗು, ಕಾಯಿಲಿನ ತಂತಿ ನೋಡು. ಅಲ್ಲಿ ಇದ್ದು ಇಲ್ಲಿ ಇಲ್ಲವೆಂದರೆ ಕಳ್ಳ ನಡುವೆ ಇದ್ದಾನೆ. ಕಂಡ ಹೊರತು ಒಂದು ಮೊಳೆಯನ್ನೂ ಬದಲಾಯಿಸಬೇಡ. ಎರಡು ವರ್ಷ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಷ್ಟನ್ನು ಯಾರೂ ಹೇಳಿರಲಿಲ್ಲ. ಅಲ್ಲಿನ ಎಂಜಿನ್ ಎಂದೂ ಕೆಡುತ್ತಿರಲಿಲ್ಲ, ಯಾಕೆಂದರೆ ಎಂದೂ ಓಡುತ್ತಿರಲಿಲ್ಲ.

ತಪ್ಪುಗಳ ಪಟ್ಟಿ ಉದ್ದವಿದೆ. ಎದ್ದು ಕಾಣುವುದು ಒಂದು. ಪ್ಲಗ್ ಸ್ವಚ್ಛ ಮಾಡಲು ನಾಲ್ಕೂ ತಂತಿ ಒಟ್ಟಿಗೆ ಕಿತ್ತು, ಮತ್ತೆ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಸಿಕ್ಕಿಸಿದೆ. ಮುಂದುಗಡೆಯಿಂದ ಎಂಜಿನ್ ತಿರುಗಿಸುವ ಕಬ್ಬಿಣದ ಕ್ರ್ಯಾಂಕ್ ಹಿಡಿದು ತಿರುಗಿಸಿದರೆ ಎಂಜಿನ್ ಢಂ ಎಂದು ಸಿಡಿದು, ಹಿಡಿ ಹಿಂದಕ್ಕೆ ಒದ್ದು, ಹೆಬ್ಬೆರಳು ಉಳುಕಿತು. ನನ್ನ ತಾಯಿ ಅರಿಶಿನ ಕಾಯಿಸಿ ಕಟ್ಟಿದರು. ಬೆರಳು ಕಟ್ಟಿಕೊಂಡು ಹರಿಹರಕ್ಕೆ ಹೋದೆ.

"ಆ ಎಂಜಿನ್ನಿನ ಸಾಲು ಒಂದು, ಮೂರು, ನಾಕು, ಎರಡು" ಎಂದರು ಖಾದರ್ ಸಾಬರು. "ಓದ್ದೋರಿಗೆ ಎಣಿಸಾಕೆ ಬರ್ತದೆ. ಅದೇ ತೊಂದ್ರೆ. ನಮ್ಮಂಥೋರಾದ್ರೆ ಹೆಂಗಿತ್ತೋ ಹಂಗೇ ಇಡ್ತೀವಿ."

ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿ ಹಿಡಿಯಬೇಕು, ಅಡ್ಡ ಹಿಡಿಯಬಾರದು ಎಂದೂ ಅಂದೇ ಕಲಿತೆ. ಇದನ್ನು ಪುಸ್ತಕದಲ್ಲಿ ಬರೆದಿದ್ದರು. ಓದಿದ್ದೆ ಕೂಡ.

ದೊಡ್ಡ ಸಾಹೇಬರು ಒಂದು ದಿನ, ಬಿಸಿಲು ಕಾದ ಹೊತ್ತಿನಲ್ಲಿ, ದಾವಣಗೆರೆಯಿಂದ ಹರಿಹರಕ್ಕೆ ಡಾಂಬರು ರಸ್ತೆಯಲ್ಲಿ ಜೀಪಿನ ನಾಲ್ಕೂ ಚಕ್ರಕ್ಕೆ ಶಕ್ತಿ ಹಾಕಿಸಿದರು. "ಸರ್ಕಾರ ನಾಲ್ಕು ಚಕ್ರಕ್ಕೆ ದುಡ್ಡು ಕೊಟ್ಟಿದೆ, ಎರಡೇ ಯಾಕ್ರೀ ದುಡೀಬೇಕು?" ಎಂಬುದು ಅವರ ವಾದ. ಕೆಸರಿನಲ್ಲಿ ಅದು ಸರಿ, ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಹಲ್ಲುಗಾಲಿಗಳು ಒಂದನ್ನೊಂದು ತಿರುಚಿಕೊಂಡು ಬಿಗಿಯುತ್ತವೆ. ಹರಿಹರ ತಲುಪಿ ಮತ್ತೆ ಎರಡು ಚಕ್ರಕ್ಕೆ ತರಲು ನೋಡಿದರೆ ಲಿವರ್ ಅಲ್ಲಾಡಲಿಲ್ಲ. ಸಾಹೇಬರು ಹಾರೆ ತರಿಸಿದರು. ನಾನು ಹಾರೆ ಹಿಡಿದು ನಿಂತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಖಾದರ್ ಸಾಬರು ಬಂದು, ಸೀಟಿನಲ್ಲಿ ಕೂತು, ಜೀಪನ್ನು ಹತ್ತು ಅಡಿ ಹಿಂದಕ್ಕೆ ಓಡಿಸಿದರು. ಬಿಗಿ ಬಿಚ್ಚಿತು. ಲಿವರ್ ಎರಡು ಬೆರಳಿಗೆ ಬಂತು.

ವಾರದೊಳಗೆ ಸಾಹೇಬರ ಸುತ್ತೋಲೆ ಬಂತು: ಎಲ್ಲ ವಾಹನಗಳನ್ನು ಪ್ರತಿದಿನ ಬೆಳಿಗ್ಗೆ ಹತ್ತು ಅಡಿ ಹಿಂದಕ್ಕೆ ಚಲಾಯಿಸತಕ್ಕದ್ದು. ಕಾರಣ ಬರೆದಿರಲಿಲ್ಲ. ಎಷ್ಟೋ ಕಾಲ ನಮ್ಮ ವಿಭಾಗದ ರೋಡ್ ರೋಲರ್ ಕೂಡ ಬೆಳಿಗ್ಗೆ ಹತ್ತು ಅಡಿ ಹಿಂದೆ ಹೋಗಿ ಆಮೇಲೆ ಕೆಲಸಕ್ಕೆ ಹೊರಡುತ್ತಿತ್ತು. ವಾರ ತಿಥಿ ಕಟ್ಟುವವರು ರೈತರೆಂದು ಬರೆದುಕೊಂಡಿದ್ದೆನಲ್ಲ.

ಇನ್ನೊಂದು ದಿನ ಶೆಡ್ಡಿನಲ್ಲಿ ಕೂತಿದ್ದಾಗ ಒಬ್ಬ ಟ್ಯಾಕ್ಸಿಯವನು, ಬಂಕಿನವರು ಸೀಮೆಎಣ್ಣೆ ಬೆರೆಸಿದ್ದಾರೆಂದು ಕೂಗಾಡುತ್ತಾ ಬಂದ. ಖಾದರ್ ಸಾಬರು ಅವನ ಟ್ಯಾಂಕಿನಿಂದ ಒಂದು ತೊಟ್ಟು ತೆಗೆದು ನನ್ನ ಅಂಗೈ ಮೇಲೆ ಹಾಕಿದರು.

"ಊದ್ರಿ. ಆರಿತಾ? ಕೈ ತಣ್ಣಗಾತಾ? ಪೆಟ್ರೋಲು. ಸೀಮೆಎಣ್ಣೆ ಇದ್ರೆ ಜಿಡ್ಡು ಉಳೀತದೆ. ನಿಮ್ಮ ಡ್ರೈವರದ್ದು ಹಿಂಗೆ ನೋಡಿದ್ರಲ್ಲ?"

ನಾನು ಅಂಗೈ ನೋಡುತ್ತಾ ಕೂತೆ. ಅರ್ಧ ನಿಮಿಷದ ಪರೀಕ್ಷೆ, ಅಂಗೈ ಒಂದಿದ್ದರೆ ಸಾಕು. ಆ ದಿನ ಡೈರಿಯಲ್ಲಿರುವುದು ಮೂರೇ ಪದ: ಪೆಟ್ರೋಲ್ ಪರೀಕ್ಷೆ ಕಲಿತೆ. ಅದರ ಮುಂದೆ ಏನೂ ಬರೆದಿಲ್ಲ. ಬರೆಯದಿರಲು ಎಷ್ಟು ಕಷ್ಟಪಟ್ಟಿರಬೇಕೆಂದು ಈಗ ಊಹಿಸಬಲ್ಲೆ.

ಕಾರ್ತೀಕ ಬಂತು. ಒಂದು ಸೋಮವಾರ ಬೆಳಿಗ್ಗೆ, ಮಂಜು ಇನ್ನೂ ಹುಲ್ಲಿನ ಮೇಲಿರುವಾಗ, ರುದ್ರಪ್ಪನವರು ಕಚೇರಿಗೆ ಬಂದಿದ್ದರು. ತನಿಖೆ ಏನಾಯಿತೆಂದು ಕೇಳಲು ತಿಂಗಳಿಗೊಮ್ಮೆ ಬರುತ್ತಿದ್ದರು, ತಿಂಗಳಿಗೊಮ್ಮೆ ನಾನು, ಮೇಲಿನಿಂದ ಬರಬೇಕು ಎನ್ನುತ್ತಿದ್ದೆ. ಅಂದೂ ಹಾಗೇ ಹೇಳಿ ಒಳಗೆ ನಕ್ಷೆ ತರಲು ಹೋದೆ. ಹೊರಗೆ ಬಂದಾಗ ಅವರು ಜೀಪಿನ ಬಾನೆಟ್ ಇಳಿಸಿ ಕೊಕ್ಕೆ ಹಾಕುತ್ತಿದ್ದರು.

"ಏನು ಮಾಡ್ತಿದೀಯಾ?"

"ಏನಿಲ್ರಿ. ಭಾಳ ದಿನ ಆಗಿತ್ತು, ಮಾತಾಡಿಸಿದೆ" ಎಂದರು.

ನಾನು ಕೂತು ಸ್ಟಾರ್ಟರ್ ತುಳಿದೆ. ಜೀಪು ಕೆಮ್ಮಿತು. ಮತ್ತೆ ತುಳಿದೆ. ಕೆಮ್ಮಿತು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಮೊದಲು ನನಗೆ ಬಂದ ಯೋಚನೆ, ಇವನೇ ಏನೋ ಮಾಡಿದ ಎಂಬುದು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಕೈ ಅಷ್ಟರಲ್ಲಿ ಖಾದರ್ ಸಾಬರ ಅಭ್ಯಾಸಕ್ಕೆ ಬಿದ್ದಿತ್ತು, ಬಾಯಿಗಿಂತ ಮುಂದೆ ಹೋಯಿತು. ಮೊದಲು ಬೆಂಕಿ. ರುದ್ರಪ್ಪನವರಿಗೆ ಕ್ರ್ಯಾಂಕ್ ಕೊಟ್ಟು, ಬಾನೆಟ್ ತೆರೆದು ಪ್ಲಗ್ಗಿನ ತಂತಿ ಕಿತ್ತೆ. ಕಿಡಿಯಿಲ್ಲ. ಒಂದು ಹೆಜ್ಜೆ ಹಿಂದೆ, ಕಾಯಿಲಿನ ತಂತಿ. ಪಟಪಟನೆ ನೀಲಿ ಕಿಡಿ. ಹಾಗಾದರೆ ಕಳ್ಳ ನಡುವೆ. ನಡುವೆ ಇರುವುದು ಡಿಸ್ಟ್ರಿಬ್ಯೂಟರ್. ಕಾಯಿಲಿನಿಂದ ಬಂದ ಕಿಡಿಯನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಭಾಗ ಅದು. ಮೇಲೆ ಕರಿಯ ಗುಂಡನೆಯ ಮುಚ್ಚಳ, ನೆತ್ತಿಯಲ್ಲಿ ಒಂದು ತಂತಿ, ಸುತ್ತ ನಾಲ್ಕು. ಕಾಯಿಲಿನ ತಂತಿಯನ್ನು ನೆತ್ತಿಗೆ ಮತ್ತೆ ಸಿಕ್ಕಿಸಿ, "ತಿರುಗಿಸು" ಎಂದು ಬಗ್ಗಿ ನೋಡಿದೆ.

ಆ ಮುಚ್ಚಳದ ಮೇಲೆ ಮೂರು ಬೆರಳಿನ ಮೂರು ಗೆರೆ, ಒದ್ದೆ ವಿಭೂತಿ. ಬಾನೆಟ್ಟಿನ ನೆರಳಿನಲ್ಲಿ ಆ ಗೆರೆಗಳ ಮೇಲೆ ಸಣ್ಣ ನೇರಳೆ ಬೆಳಕು ಹರಿದಾಡುತ್ತಿತ್ತು. ಒಳಗೆ ಹೋಗಬೇಕಾದ ಕಿಡಿ ಹೊರಗೇ ವಿಭೂತಿಯ ತೇವದ ದಾರಿ ಹಿಡಿದು ಕಬ್ಬಿಣಕ್ಕೆ ಇಳಿದು ಹೋಗುತ್ತಿತ್ತು.

ನನ್ನ ಕರವಸ್ತ್ರದಿಂದ ಒರೆಸಿದೆ. ಜೀಪು ಒಂದೇ ತಿರುವಿಗೆ ಹೊತ್ತಿಕೊಂಡಿತು.

ಎಂಜಿನ್ ಓಡುತ್ತಲೇ ಇತ್ತು. ನಾವಿಬ್ಬರೂ ಅದರ ಎರಡು ಪಕ್ಕದಲ್ಲಿ ನಿಂತಿದ್ದೆವು.

"ದಿನಾ ಹಚ್ಚುತ್ತಿದ್ದೆಯಾ?"

"ದಿನಾ ಅಲ್ರಿ. ಸೋಮವಾರ. ಅಮಾಸಿಗೊಂದ್ಸಲ. ಕರೇ ಕಲ್ಲಿನಂಗೆ ಗುಂಡಗೆ ಐತಲ್ರಿ, ನೋಡಿದ್ರೆ ಕೈ ಮುಗೀಬೇಕು ಅನ್ನಿಸ್ತಿತ್ತು. ಗಾಡಿ ತಲಿ ಇದೇ ಅನ್ಕೊಂಡಿದ್ದೆ." ಒರೆಸಿದ ಮುಚ್ಚಳವನ್ನು ಬಗ್ಗಿ ನೋಡಿದರು. "ಹಂಗಾರೆ ನಾನೇ ಕೆಡಿಸಿದ್ನೇನ್ರಿ?"

"ನಿನಗೆ ಗೊತ್ತಿರಲಿಲ್ಲ."

"ಸೀಮೆಎಣ್ಣೆ ಅಲ್ಲಲ್ರಿ?"

"ಅಲ್ಲ."

"ಅಷ್ಟು ಸಾಕ್ರಿ. ಅಷ್ಟು ಬರ್ಕೊಡ್ರಿ."

ಅವರು ಹೋದ ಮೇಲೆ ಡೈರಿ ತೆಗೆದೆ. ಮಳೆ ಹಿಡಿದಾಗಿನಿಂದ ಏಳು ಸಲ ಕೆಟ್ಟಿತ್ತು. ಐದು ಸೋಮವಾರ. ಒಂದು ಅಮಾವಾಸ್ಯೆ. ಇನ್ನೊಂದು ದಿನ ಪೆಟ್ರೋಲ್ ಮುಗಿದಿತ್ತು. ಬೇಸಿಗೆಯಲ್ಲಿ ವಿಭೂತಿ ಒಣಗಿ ಉದುರುತ್ತಿದ್ದುದರಿಂದ ತೊಂದರೆಯಿರಲಿಲ್ಲ, ತೇವದಲ್ಲಿ ಮಾತ್ರ. ಎಲ್ಲವೂ ನನ್ನದೇ ಕೈಬರಹದಲ್ಲಿ, ವಾರದ ಹೆಸರಿನ ಸಮೇತ, ನನ್ನ ಮೇಜಿನ ಮೇಲೆಯೇ ಇತ್ತು. ಅದನ್ನು ಓದಲು ಪದವಿ ಬೇಕಿರಲಿಲ್ಲ.

ಇಲ್ಲಿಯವರೆಗೆ ನಾನು ಬಾಯಲ್ಲಿ ಹೇಳುವ ಕಥೆಗೂ ಡೈರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮುಂದೆ ನಾನು ಹೇಳುತ್ತಿದ್ದುದು ಹೀಗೆ: ಮರುದಿನವೇ ದೊಡ್ಡ ಸಾಹೇಬರ ಕೋಣೆಗೆ ನುಗ್ಗಿ, ಹೊಸ ವರದಿ ಮೇಜಿನ ಮೇಲಿಟ್ಟು, ನನ್ನ ಮೊದಲ ವರದಿ ಸುಳ್ಳು ಎಂದೆ. ಕೇಳಿದವರು ಭೇಷ್ ಅನ್ನುತ್ತಿದ್ದರು. ನನ್ನ ಮಕ್ಕಳು ಇದನ್ನು ನಂಬಿ ದೊಡ್ಡವರಾದರು.

ಡೈರಿ ಬೇರೆ ಹೇಳುತ್ತದೆ. ಮರುದಿನ ಸಾಹೇಬರ ಬಳಿ ಹೋದದ್ದು ನಿಜ. ವರದಿ ಒಯ್ದಿರಲಿಲ್ಲ. ಬಾಯಲ್ಲಿ ಹೇಳಿದೆ.

"ಏನ್ರೀ, ಸರ್ಕಾರಿ ಜೀಪು ವಿಭೂತಿಯಿಂದ ನಿಂತುಹೋಯ್ತು ಅಂತ ನಾನು ಮೇಲಕ್ಕೆ ಬರೀಲಾ?" ಎಂದರು. "ಮೊದಲು ಸೀಮೆಎಣ್ಣೆ ಅಂದಿದ್ದು ನೀವು. ಈಗ ವಿಭೂತಿ ಅಂತೀರಿ. ನಾಳೆ ಕುಂಕುಮ ಅಂತೀರಿ. ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ ಅನ್ನೋದು ನೆನಪಿರ್ಲಿ. ಒಂದು ಕೆಲಸ ಮಾಡಿ. ತಪ್ಪಾಯ್ತು, ಇನ್ನು ಮೇಲೆ ಬೆರೆಸೋಲ್ಲ ಅಂತ ಅವನ ಕೈಲಿ ಒಂದು ಕಾಗದ ಬರೆಸ್ಕೊಂಡು ಬನ್ನಿ. ಕ್ಷಮಿಸಿ ಕೆಲಸಕ್ಕೆ ತಗೊಳ್ಳೋಣ. ಎಲ್ಲರಿಗೂ ಕ್ಷೇಮ."

ಎಲ್ಲರಿಗೂ ಎಂದರೆ ಯಾರಿಗೆಂದು ನಾನು ಕೇಳಲಿಲ್ಲ. ಆ ಕಾಗದವನ್ನು ನಾನೇ ಬರೆದು, ಸಹಿಯ ಜಾಗ ಬಿಟ್ಟು, ಜಿನ್ನಿಗೆ ತೆಗೆದುಕೊಂಡು ಹೋದೆ. ರುದ್ರಪ್ಪನವರು ಬೆನ್ನಿನ ಮೇಲಿದ್ದ ಅಂಡಿಗೆ ಇಳಿಸಿ ಬಂದರು. ಹುಬ್ಬಿನ ಮೇಲೆ, ವಿಭೂತಿಯ ಮೇಲೆ ಹತ್ತಿ ಕೂತಿತ್ತು. ನಾನು ಓದಿ ಹೇಳಿದೆ.

"ಸಹಿ ಹಾಕು ರುದ್ರಪ್ಪ. ಕೆಲಸ ವಾಪಸ್ ಬರುತ್ತೆ. ಎಲ್ಲಾ ಮುಗಿದುಹೋಗುತ್ತೆ."

"ನಿಮ್ಮದು ಮುಗೀತದ್ರಿ" ಎಂದರು. "ಈಗ ಜನ ಸೀಮೆಎಣ್ಣೆ ರುದ್ರಪ್ಪ ಅಂತಾರೆ. ಅನ್ಲಿ, ಅವರ ಬಾಯಿ. ಈ ಕಾಗದದಾಗ ನಾನೇ ಅಂದಂಗಾಗ್ತದಲ್ರಿ. ಬ್ಯಾಡ ಸಾಹೇಬ್ರೆ. ಅಂಡಿಗಿಗೆ ಬೆನ್ನು ಒಗ್ಗೇತಿ."

"ಯೋಚನೆ ಮಾಡು."

"ಮಾಡಬೇಕಾದೋನು ನಾನಲ್ರಿ."

ಆ ಕಾಗದವನ್ನು ಹರಿದೆನೋ ಮಡಿಚಿಟ್ಟೆನೋ ನೆನಪಿಲ್ಲ. ಡೈರಿಯಲ್ಲಿ, ಜೀಪಿನ ಕಾರಣ ತಿಳಿದ ದಿನದಿಂದ ನಾನು ಎರಡನೆಯ ವರದಿ ಬರೆದ ದಿನದವರೆಗೆ ಹತ್ತೊಂಬತ್ತು ಪುಟಗಳಿವೆ. ಹತ್ತೊಂಬತ್ತು ದಿನ. ಅವುಗಳಲ್ಲಿ ಮಂಜು ಬಿದ್ದದ್ದಿದೆ, ಸಿಮೆಂಟು ಬಾರದ್ದಿದೆ, ಹರಿಹರದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಹೊಟ್ಟೆ ಕೆಟ್ಟದ್ದಿದೆ. ಆ ಸೋಮವಾರ, ಕಾರಣ ತಿಳಿಯಿತು ಎಂದಿದೆ. ಮರುದಿನ, ದೊಡ್ಡ ಸಾಹೇಬರನ್ನು ಕಂಡೆ. ಅದರ ಮರುದಿನ, ಜಿನ್ನಿಗೆ ಹೋಗಿ ಬಂದೆ. ಆಮೇಲೆ ಹದಿನಾರು ಪುಟ ರುದ್ರಪ್ಪನವರ ಹೆಸರಿಲ್ಲ. ಯಾವುದರಿಂದ ಕೊನೆಗೆ ಬರೆದೆ? ಧೈರ್ಯ ಬಂತು ಎನ್ನಲು ಆಸೆ. ಖಾದರ್ ಸಾಬರು, ನಾನು ವಿಷಯ ಹೇಳಿದಾಗ, ಒಂದು ಮಾತು ಅಂದಿದ್ದರು: "ಕಳ್ಳನ್ನ ಕಂಡ ಮ್ಯಾಲೂ ಪಾರ್ಟು ಬದಲಾಯಿಸ್ದೆ ಗಾಡಿ ಕಳಿಸ್ತೀರೇನು?" ಅದಕ್ಕೋ ಏನೋ. ಅವರ ಶೆಡ್ಡಿಗೆ ಮತ್ತೆ ಹೋಗಬೇಕಾಗಿತ್ತು, ಮುಖ ತೋರಿಸಬೇಕಾಗಿತ್ತು. ನನ್ನ ನೀತಿಯ ಬುಡದಲ್ಲಿ ಇದಕ್ಕಿಂತ ದೊಡ್ಡದೇನೂ ಸಿಗುತ್ತಿಲ್ಲ.

ಬರೆದಾಗ ಮಾತ್ರ ಖಾದರ್ ಸಾಬರ ಕ್ರಮದಲ್ಲಿ ಬರೆದೆ. ಕಚೇರಿಯ ಹೆಡ್ ಗುಮಾಸ್ತರನ್ನೂ ಸ್ಟೋರ್ ಕೀಪರನ್ನೂ ಜೀಪಿನ ಮುಂದೆ ನಿಲ್ಲಿಸಿ, ಮುಚ್ಚಳಕ್ಕೆ ಒದ್ದೆ ವಿಭೂತಿ ಹಚ್ಚಿದೆ, ಜೀಪು ನಿಂತಿತು. ಒರೆಸಿದೆ, ಓಡಿತು. ಮೂರು ಸಲ. ಪೆಟ್ರೋಲ್ ಅದೇ. ಇಬ್ಬರ ಸಹಿ ಹಾಕಿಸಿದೆ. ಹೆಡ್ ಗುಮಾಸ್ತರು ಸಹಿ ಹಾಕುವ ಮುಂಚೆ ಮುಚ್ಚಳಕ್ಕೆ ಕೈ ಮುಗಿದರು. ವರದಿಯ ಕೊನೆಯ ವಾಕ್ಯಕ್ಕೆ ಕರ್ತೃ ಇಟ್ಟೆ: ಹಿಂದಿನ ವರದಿಯಲ್ಲಿ ಸೀಮೆಎಣ್ಣೆ ಎಂದು ಬರೆದವನು ನಾನು, ಪರೀಕ್ಷಿಸದೆ ಬರೆದೆ.

ದೊಡ್ಡ ಸಾಹೇಬರು ಅದನ್ನು ವಾಪಸ್ ಕಳಿಸಿದರು. ಕೆಂಪು ಶಾಯಿಯಲ್ಲಿ ವಿಭೂತಿ ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿ, ಪರಕೀಯ ವಸ್ತು ಎಂದು ಬರೆದಿದ್ದರು. ನನ್ನ ಕೊನೆಯ ವಾಕ್ಯವನ್ನೂ ಹೊಡೆದುಹಾಕಿದ್ದರು. ನಾನು ವಿಭೂತಿಯನ್ನು ಬಿಟ್ಟುಕೊಟ್ಟೆ, ವಾಕ್ಯವನ್ನು ಮತ್ತೆ ಬರೆದು ಕಳಿಸಿದೆ. ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಸಂಕ್ರಾಂತಿಯ ನಂತರ ರುದ್ರಪ್ಪನವರಿಗೆ ಆದೇಶ ಬಂತು. ಆರೋಪ ಸಾಬೀತಾಗಿಲ್ಲವಾದ್ದರಿಂದ, ಎಂದು ಶುರುವಾಗುತ್ತಿತ್ತು. ಸುಳ್ಳು ಎಂದು ಎಲ್ಲೂ ಇರಲಿಲ್ಲ. ಲಾರಿ ಮಾಲೀಕರ ಬೀದಿಯಲ್ಲಿ ಹೆಸರು ಹಾಗೇ ಉಳಿಯಿತು.

ಅವರು ಕೆಲಸಕ್ಕೆ ಬಂದ ಮೊದಲ ಸೋಮವಾರ ನಾನು ಒಳಗೆ ನಕ್ಷೆ ನೋಡುತ್ತಿದ್ದೆ. ಹೊರಗೆ ಗುಮಾಸ್ತರು, ಮೇಸ್ತ್ರಿಗಳು, ಮಣ್ಣಿನ ಕೆಲಸದ ಆಳುಗಳು ಸೇರಿದ್ದರು. ರುದ್ರಪ್ಪನವರು ಬಾನೆಟ್ ತೆರೆದು, ಅಂಗೈಯಲ್ಲಿ ವಿಭೂತಿ ಕಲಸಿಕೊಂಡು, ಎಲ್ಲರಿಗೂ ಕೇಳುವಂತೆ ಕರೆದರು.

"ಸಾಹೇಬ್ರೆ, ಎಲ್ಲಿ ಹಚ್ಲಿ?"

ನಾನು ಹೊರಗೆ ಹೋಗಿ ರೇಡಿಯೇಟರಿನ ಮೇಲಿನ ಕಬ್ಬಿಣದ ಪಟ್ಟಿ ತೋರಿಸಿ, "ಇಲ್ಲಿ ಹಚ್ಚಿ, ರುದ್ರಪ್ಪನವರೇ" ಎಂದೆ. ಹಚ್ಚಿದರು. ಜೀಪು ಹೊತ್ತಿಕೊಂಡಿತು.

ಮುಂದಿನ ಸೋಮವಾರ ಮತ್ತೆ ಕರೆದರು. ಜಾಗ ಅವರಿಗೆ ಗೊತ್ತಿತ್ತು, ಹಳೆಯ ಗೆರೆ ಅಲ್ಲೇ ಕಾಣುತ್ತಿತ್ತು. ಆದರೂ ಕೇಳಿದರು. ನಾವು ಒಟ್ಟಿಗೆ ಕೆಲಸ ಮಾಡಿದ ಮೂರು ವರ್ಷ, ಒಂದು ಸೋಮವಾರವನ್ನೂ ಬಿಡದೆ, ಸೀಮೆಎಣ್ಣೆಯ ಮಾತು ಆಡಿದ್ದ ಜನರ ಮುಂದೆಯೇ ಅದೇ ದನಿಯಲ್ಲಿ ಕೇಳಿದರು. ಒಂದು ಸೋಮವಾರವನ್ನೂ ಬಿಡದೆ ನಾನು ಎದ್ದು ಹೋಗಿ ಬೆರಳಿಟ್ಟು ತೋರಿಸಿದೆ.